ಗಂಡನಿಗೂ ಗೊತ್ತಾಗಲ್ಲ

ಮಗಳ ಅಪ್ಪನಿಗೆ,

ಬಸ್ ನಿಲ್ದಾಣದಲ್ಲಿ ಮತಯಂತ್ರ ಇಟ್ಟುಕೊಂಡು ನೀವು ಜನರಿಗೆ ಮತ ಹಾಕುವುದನ್ನು ಕಲಿಸುತ್ತಿದ್ದಾಗ ನಾನೂ ಮಗಳೂ ಹಿಂದೆ ನಿಂತಿದ್ದೆವು. "ಅಮ್ಮಂದಿರೇ, ಯಾವ ಗುಂಡಿ ಒತ್ತಿದ್ರಿ ಅಂತ ಕಟ್ಟಿಕೊಂಡ ಗಂಡನಿಗೂ ಗೊತ್ತಾಗಲ್ಲ" ಎಂದು ಮೈಕಿನಲ್ಲಿ ಹೇಳಿದಿರಿ. ನನಗೆ ಹೆಮ್ಮೆಯಾಯಿತು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ "ನೀನು ಮೂರನೇದು ಒತ್ತು" ಎಂದಿರಿ. ಯಾಕೆ ಎಂದಿದ್ದಕ್ಕೆ, "ನಿಂಗೇನು ತಿಳಿಯುತ್ತೆ? ಹೇಳಿದಷ್ಟು ಮಾಡು" ಎಂದು ಮಗಳೆದುರೇ ಗದರಿದಿರಿ. ಮೈಯೆಲ್ಲ ಉರಿದುಹೋಯಿತು.

ಇವತ್ತು ನನಗೆ ಸರಿ ಕಂಡವರಿಗೆ ಮತ ಹಾಕಿ, ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟಿದ್ದೇನೆ. ಯಾರಿಗೆ ಹಾಕಿದೆ ಎಂದು ಕೇಳಲು ಫೋನ್ ಮಾಡಬೇಡಿ. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣಿ. ಸಿಟ್ಟು ಇಳಿದ ಮೇಲೆ ಬರುತ್ತೇನೆ.

ಮುಂದಿನ ಚುನಾವಣೆಗೆ ಮಗಳಿಗೂ ಹದಿನೆಂಟು ತುಂಬಿರುತ್ತದೆ. ಅವಳಿಗೆ ನಾನೇ ಕಲಿಸುತ್ತೇನೆ.

ಇಂತಿ,
ನಿಮ್ಮ ಹೆಂಡತಿ