ನೀನು ಬರಿಗಾಲಲ್ಲಿ ಹಾಸಿದ ನೆಲ

ಅಣ್ಣಾ,

ಸತ್ತವರನ್ನು ಬಯ್ಯಬಾರದೆಂದು ಅತ್ತಿಗೆ ನನ್ನ ಬಾಯಿ ಮುಚ್ಚಿಸುತ್ತಾರೆ. ಅವರೆದುರು ಬಯ್ಯಲಾಗದ್ದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿನಗೆ ಬುದ್ಧಿ ಇರಲಿಲ್ಲ. ಊರಿನವರ ಮನೆಗೆಲ್ಲ ನೆಲ ಹಾಸಿದ ಮೇಸ್ತ್ರಿಗೆ ತನ್ನ ಅಂಗಾಲು ಉಳಿಸಿಕೊಳ್ಳಲು ಬರಲಿಲ್ಲ.

ಕೊಟ್ಟಾರದ ಆ ದೊಡ್ಡ ಮನೆಯ ದೇವರ ಕೋಣೆಯ ನೆಲಕ್ಕೆ ಹೆಂಚು ಹಾಸಲು ಹೊರಟ ಬೆಳಿಗ್ಗೆ ನೆನಪಿದೆಯೇ? ಸಿಮೆಂಟಿಗೆ ನಿನ್ನ ಹಿಮ್ಮಡಿ ಬಿರಿದು ರಕ್ತ ಜಿನುಗುತ್ತಿತ್ತು. ಚರ್ಮದ ಚಪ್ಪಲಿ ಅಲ್ಲಿ ನಡೆಯದೆಂದು ನಾನು ಅಡಕೆ ಹಾಳೆಯನ್ನು ಪಾದದ ಅಳತೆಗೆ ಕತ್ತರಿಸಿ, ತೆಂಗಿನ ಹುರಿ ಪೋಣಿಸಿ ತಂದಿದ್ದೆ. ತಂಡದ ನಾವೆಲ್ಲ ಕಟ್ಟಿಕೊಂಡೆವು. ನೀನು ನಿನ್ನದನ್ನು ಮೂಲೆಗೆ ಎಸೆದೆ.

"ದೇವರು ಕೂರುವ ಜಾಗ ಮಾರಾಯ. ನೀವೂ ಬಿಚ್ಚಿ."

"ದೇವರು ಇನ್ನೂ ಬರ್ಲಿಲ್ಲ ಅಣ್ಣ. ಈಗ ಇಲ್ಲಿ ಇರುವುದು ಗಾರೆ, ಹೆಂಚಿನ ಚೂರು, ಅಷ್ಟೇ."

"ನಿನಗೆ ಎಂತ ಗೊತ್ತುಂಟು?" ಎಂದು ನೀನು ಗದರಿದೆ. ನಾವು ಬಿಚ್ಚಲಿಲ್ಲ.

ಗೋಡೆಯಂಚಿಗೆ ಹೊಂದಿಸಲು ಹೆಂಚನ್ನು ಉಳಿಯಿಂದ ಕಡಿಯುವಾಗ ಚೂರು ಸಿಡಿದು ಬಿತ್ತು. ನೀನು ಅದರ ಮೇಲೆಯೇ ಕಾಲಿಟ್ಟೆ. ಅದನ್ನು ಕಿತ್ತೆಸೆದು, ಗಾಯಕ್ಕೆ ಎಲೆಯಡಿಕೆಯ ಸುಣ್ಣ ಮೆತ್ತಿ, ಸಂಜೆಯವರೆಗೂ ಹಸಿ ಗಾರೆಯಲ್ಲೇ ನಿಂತು ದುಡಿದೆ. ಆಸ್ಪತ್ರೆಗೆ ಹೋಗೋಣವೆಂದರೆ ನಕ್ಕೆ. ಅದು ನಗುವ ವಿಷಯವಾಗಿತ್ತೇ?

ವಾರ ಕಳೆದು ನಿನ್ನ ದವಡೆ ಕಚ್ಚಿಕೊಂಡ ದಿನ ಅತ್ತಿಗೆ ಗಂಜಿ ತಿಳಿಯನ್ನು ಹಲ್ಲಿನ ಸಂದಿಯಲ್ಲಿ ಹನಿಸಲು ನೋಡಿದರು. ಒಂದು ಹನಿಯೂ ಇಳಿಯಲಿಲ್ಲ. ಧನುರ್ವಾಯು ಎಂದರು ಡಾಕ್ಟರು, ತಡವಾಯಿತು ಎಂದರು. ನಿನ್ನ ಕಣ್ಣು ನನ್ನನ್ನೇ ನೋಡುತ್ತಿತ್ತು. ಏನು ಹೇಳಬೇಕೆಂದಿದ್ದೆಯೋ... ಹೇಳದೆ ಹೋದದ್ದಕ್ಕೂ ನನಗೆ ಸಿಟ್ಟಿದೆ.

ನಿನ್ನ ಉತ್ತರಕ್ರಿಯೆ ಮುಗಿದ ಮೇಲೆ ನಿನ್ನ ಕರಣೆ, ಉಳಿ ತರಲು ಆ ಮನೆಗೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ಅತ್ತಿಗೆಗೂ ಹೇಳಿಲ್ಲ. ನನ್ನನ್ನು ಅಂಗಳದಲ್ಲೇ ನಿಲ್ಲಿಸಿದರು. ಒಳಗೆ ಭಟ್ಟರು ಮಂತ್ರ ಹೇಳುತ್ತ, ನೀನು ಹಾಸಿದ ನೆಲಕ್ಕೆಲ್ಲ ಪಂಚಗವ್ಯ ಚಿಮುಕಿಸುತ್ತಿದ್ದರು. ಯಾಕೆಂದು ಕೇಳಿದೆ.

"ಕೆಲಸದವರು ತುಳಿದ ನೆಲ ಅಲ್ವಾ? ಶುದ್ಧ ಮಾಡದೆ ದೇವರನ್ನು ಕೂರಿಸ್ಲಿಕ್ಕೆ ಉಂಟಾ?" ಎಂದರು ಧಣಿಗಳು.

ಕೇಳಿಸಿತೇ ಅಣ್ಣಾ? ನಿನ್ನ ಬರಿಗಾಲೂ ಅವರಿಗೆ ಮೈಲಿಗೆಯೇ. ನೀನು ಯಾರಿಗಾಗಿ ಸತ್ತೆ?

ಇವತ್ತು ಬೋಳಾರದಲ್ಲಿ ಇನ್ನೊಂದು ದೇವರ ಕೋಣೆಯ ಕೆಲಸ ಹಿಡಿದೆ. ಈಗ ತಂಡಕ್ಕೆ ನಾನೇ ಮೇಸ್ತ್ರಿ. ಮನೆಯ ಯಜಮಾನರು ಬಾಗಿಲಿಗೆ ಅಡ್ಡ ನಿಂತು, "ಕಾಲಿಗೆ ಕಟ್ಟಿದ್ದನ್ನು ಬಿಚ್ಚಿ ಬನ್ನಿ" ಎಂದರು.

"ನಾವು ಹೋದ ಮೇಲೆ ಶುದ್ಧ ಮಾಡಿಸ್ತೀರಲ್ವಾ ಧಣಿ?"

"ಮಾಡಿಸದೆ ಮತ್ತೆ?"

"ಹಾಗಾದ್ರೆ ನಮ್ಮ ಕಾಲನ್ನು ನಮಗೆ ಬಿಡಿ."

ದುರುಗುಟ್ಟುತ್ತಲೇ ಅವರು ಪಕ್ಕಕ್ಕೆ ಸರಿದರು. ನಾನು ಮೇಸ್ತ್ರಿಯಾಗಿರುವವರೆಗೆ ಈ ತಂಡದಲ್ಲಿ ಯಾರೂ ಬರಿಗಾಲಲ್ಲಿ ಹೆಂಚು ಹಾಸುವುದಿಲ್ಲ. ನೀನು ಬದುಕಿದ್ದರೆ ನಿನ್ನನ್ನೂ ಹೊರಗೆ ನಿಲ್ಲಿಸುತ್ತಿದ್ದೆ.