ಶಿಶುವಿಹಾರದ ತಪಾಸಣೆಯಲ್ಲಿ ನಾನು ಓಡಿದ್ದು

ಮನೆಯಿಂದ, ಮಂಗಳವಾರ, ತಾರೀಖು ಹನ್ನೆರಡು
ಮಧ್ಯಾಹ್ನ, ಮಕ್ಕಳು ಮಲಗಿದ್ದಾರೆ

ಪ್ರೀತಿಯ ಯಜಮಾನಿಗೆ,

ಮಂಡಿ ಹೇಗಿದೆ? ಆಪರೇಷನ್ ಮಾಡಿದ ಡಾಕ್ಟರು ನಡೆ ಎಂದರೆ ನಡೆ, ಕೂರು ಎಂದರೆ ಕೂರು. ಮಗಳ ಮನೆಗೆ ಹೋದವಳು ಅಲ್ಲಿಯ ಅಡುಗೆಮನೆ ಜೋಡಿಸಲು ನಿಂತಿರುತ್ತೀಯೆಂದು ನನಗೆ ಗೊತ್ತು. ಅವಳ ಡಬ್ಬಿಗಳು ಅವಳಿಗೆ ಬೇಕಾದಲ್ಲಿ ಇರಲಿ ಬಿಡು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ನಿದ್ದೆ ಬರುತ್ತಿಲ್ಲವೆಂದು ಮಗಳು ಹೇಳಿದಳು. ಅದು ಮಂಡಿಯ ನೋವಲ್ಲ, ಮನೆಯಲ್ಲಿ ಬಿಟ್ಟುಹೋದ ಶಿಶುವಿಹಾರದ ಚಿಂತೆ. ಇವತ್ತಿನಿಂದ ಕಾಲು ಚಾಚಿ ಮಲಗು. ನಿನ್ನೆ ಪರವಾನಗಿ ತಪಾಸಣೆಯವಳು ಬಂದಳು, ನೋಡಿದಳು, ನಡೆಸಿಕೊಂಡು ಹೋಗಿ ಅಂದಳು. ನಿನ್ನ ಶಿಶುವಿಹಾರದ ಬಾಗಿಲು ಯಾರೂ ಮುಚ್ಚುವುದಿಲ್ಲ.

ಹೋದ ಸಲ ಅವಳು ಬೈದು ಹೋದದ್ದನ್ನೆಲ್ಲ, ನಿನ್ನ ಬದಲು ಮಕ್ಕಳನ್ನು ನೋಡಿಕೊಳ್ಳುತ್ತಿರುವ ನಿನ್ನ ತಂಗಿ ನಿಲ್ಲಿಸಿದ್ದಾಳೆ. ಬಾಟಲಿಯ ಬಣ್ಣದ ಸಿಹಿನೀರು ಇಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಿಸ್ಕತ್ತು ಇಲ್ಲ, ಟಿವಿಗೆ ಬಟ್ಟೆ ಹೊದಿಸಿದ್ದಾಳೆ. ಈಗ ನೀರು, ಹಾಲು, ಮೊಟ್ಟೆ, ಬೇಯಿಸಿದ ಬಟಾಣಿ, ಹೆಚ್ಚಿದ ಹಣ್ಣು. ಮೊದಲ ವಾರ ಮಕ್ಕಳು ಮನೆ ತಲೆಮೇಲೆ ಮಾಡಿದವು, ಆಮೇಲೆ ಸುಮ್ಮನಾದವು. ಆದರೆ ಆ ಹೆಂಗಸಿನ ಇನ್ನೊಂದು ನಿಯಮ ಕೇಳು. ತಿನ್ನು ಎಂದು ಗದರಬಾರದಂತೆ, ತಿಂದರೆ ಅದು ಕೊಡ್ತೀನಿ ಇದು ಕೊಡ್ತೀನಿ ಎಂದು ಆಸೆ ತೋರಿಸಲೂಬಾರದಂತೆ, ದೊಡ್ಡವರು ಪಕ್ಕದಲ್ಲಿ ಕೂತು ಅದನ್ನೇ ತಿನ್ನಬೇಕಂತೆ. ನಾವು ನಮ್ಮ ಮಕ್ಕಳನ್ನು ಕಣ್ಣು ಕೆಂಪಗೆ ಮಾಡಿಯೇ ಬೆಳೆಸಿದೆವಲ್ಲ. ನಿನ್ನೆ ಗ್ಯಾರೇಜಿಗೆ ರಜೆ ಹಾಕಿ, ಮೊಳದೆತ್ತರದ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು ಬಟಾಣಿ ತಿಂದೆ. ಪಕ್ಕದ ಕುರ್ಚಿಯ ಪುಟ್ಟ ಗುಂಡ ನನ್ನನ್ನೇ ನೋಡುತ್ತಿದ್ದ. "ಅಜ್ಜ, ಮುಖ ಯಾಕೆ ಹಾಗೆ ಮಾಡ್ತಿದ್ದೀರಾ, ಚೆನ್ನಾಗಿಲ್ವಾ?" ಎಂದು ತಪಾಸಣೆಯವಳ ಎದುರಿಗೇ ಕೇಳಿದ. "ಚೆನ್ನಾಗಿದೆ ಕಣೋ, ನನ್ನ ಮುಖವೇ ಹಾಗೆ" ಅಂದೆ. ಮಗು ಅದನ್ನು ಒಪ್ಪಿಕೊಂಡು ತಟ್ಟೆ ಖಾಲಿ ಮಾಡಿತು.

ಊಟ ದಾಟಿತು, ಸಿಕ್ಕಿಬಿದ್ದದ್ದು ಆಟದಲ್ಲಿ. ಮಕ್ಕಳು ದಿನಾ ಬೆವರುವಷ್ಟು ಓಡಾಡಬೇಕು, ಇಲ್ಲದಿದ್ದರೆ ಪರವಾನಗಿ ಇಲ್ಲ ಎಂದಿದ್ದಳಲ್ಲ. ನಾನು ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ ಶುರುಮಾಡಿದೆ. "ಇದು ಕವಾಯತು ಯಜಮಾನರೇ, ಆಟ ಅಲ್ಲ" ಅಂದಳು. ಅಷ್ಟರಲ್ಲಿ ಎರಡು ಜಡೆಯ ಪುಟ್ಟಿ "ಅಯ್ಯೋ ನನ್ನ ಮಂಡಿ" ಎಂದು ಕೂತುಬಿಟ್ಟಳು. ಪಕ್ಕದವನೂ "ಅಯ್ಯೋ ನನ್ನ ಮಂಡಿ" ಅಂದ. ಒಂದೊಂದಾಗಿ ಎಲ್ಲವೂ ಮಂಡಿ ಹಿಡಿದುಕೊಂಡು ನರಳುತ್ತ ಕೂತವು, ಥೇಟ್ ನಿನ್ನ ಹಾಗೆ, ಆ ಉಸಿರು ಬಿಡುವುದೂ ಹಾಗೇ. ನಿನ್ನನ್ನು ನೋಡಿ ನೋಡಿ ಕಲಿತ ಆಟ ಅದೊಂದೇ. ತಪಾಸಣೆಯವಳು ಪೆನ್ನು ತೆಗೆದಳು. ಆಸ್ಪತ್ರೆಗೆ ಹೊರಡುವಾಗ ನೀನು ಬಾಗಿಲಲ್ಲಿದ್ದ ಮಕ್ಕಳ ಪುಟ್ಟ ಚಪ್ಪಲಿಗಳ ಸಾಲನ್ನು ತಿರುತಿರುಗಿ ನೋಡಿದ್ದು ಕಣ್ಣ ಮುಂದೆ ಬಂತು.

ಆಗಲೇ ಗುಂಡ ಹಿಂದಿನಿಂದ ಅಂಗಳದ ಕುರ್ಚಿ ಹತ್ತಿ ನನ್ನ ತಲೆಯ ಟೋಪಿ ಕಿತ್ತುಕೊಂಡು ಓಡಿದ. ನನಗೆ ರೇಗಿಹೋಯಿತು. "ನಿಲ್ಲೋ ಕಳ್ಳ, ನಿನ್ನ ಕಿವಿ ಹಿಂಡ್ತೀನಿ" ಎಂದು ಬೆನ್ನು ಹತ್ತಿದೆ. ನೋಡುತ್ತೇನೆ, ಮಂಡಿನೋವಿನವರೆಲ್ಲ ಎದ್ದು ಓಡುತ್ತಿದ್ದಾರೆ. ಟೋಪಿ ಕೈಯಿಂದ ಕೈಗೆ ಹೋಯಿತು. ನೀರಿನ ಟ್ಯಾಂಕಿನ ಸುತ್ತ, ಗೇಟಿನ ತನಕ, ಮತ್ತೆ ಮೆಟ್ಟಿಲಿನ ತನಕ. "ಅಜ್ಜ ಬಂದ್ರು, ಅಜ್ಜ ಬಂದ್ರು" ಎಂದು ಒಂದೇ ಕಿರುಚಾಟ. ನಾನು ನಿಜವಾಗಿಯೂ ಕಿವಿ ಹಿಂಡಲು ಓಡುತ್ತಿದ್ದೆ, ಅವಕ್ಕೆ ಅದು ತಿಳಿಯಲೇ ಇಲ್ಲ. ಕೊನೆಗೆ ದಮ್ಮು ಕಟ್ಟಿ ಮೆಟ್ಟಿಲ ಮೇಲೆ ಕೂತಾಗ ಒಂದೊಂದರ ಮುಖವೂ ಬೆವರಿ ಕೆಂಪಾಗಿತ್ತು. ತಾವೇ ಹೋಗಿ ನೀರು ಕುಡಿದು ಬಂದು "ಇನ್ನೊಂದ್ಸಲ ಅಜ್ಜ" ಎಂದು ಸುತ್ತ ನಿಂತವು. ಆ ಹೆಂಗಸು ನಗುತ್ತಿದ್ದಳು. "ಇದನ್ನ ದಿನಾ ಆಡಿಸ್ತೀರಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ತಂಗಿ "ದಿನಾ ಮೇಡಂ, ನಮ್ಮ ಭಾವನಿಗೆ ಮಕ್ಕಳು ಅಂದ್ರೆ ಪ್ರಾಣ" ಅಂದಳು. ಆ ಸುಳ್ಳಿಯ ಮಾತನ್ನು ನಿಜ ಮಾಡಲು ಇವತ್ತೂ ಓಡಿದ್ದೇನೆ. ಮೈಕೈಯೆಲ್ಲ ನೋವು. ಆದರೂ ಮನಸ್ಸು ಹಗುರವಾಗಿದೆ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು.

ಇಂತಿ,
ನಿನ್ನ ಸಿಡುಕ

ಮರೆತೆ. ಅವಳು ಹೋಗುವಾಗ ಒಂದು ಷರತ್ತು ಹಾಕಿದ್ದಾಳೆ. ಮಕ್ಕಳ ಜೊತೆ ಓಡಬಲ್ಲ ದೊಡ್ಡವರೊಬ್ಬರು ದಿನವೂ ಇಲ್ಲಿರಲೇಬೇಕು. ನಿನ್ನ ತಂಗಿ ಎಷ್ಟು ದಿನ ಇದ್ದಾಳು, ಅವಳಿಗೂ ಮನೆಯಿದೆ. ಇನ್ನು ಮೇಲೆ ನೀನು ಓಡುವ ಹಾಗಿಲ್ಲವೆಂದು ಡಾಕ್ಟರು ಹೇಳಿದ್ದು ನನಗೆ ಗೊತ್ತು, ಮುಚ್ಚಿಡಬೇಡ. ನಾನು ನನ್ನ ಹೆಸರು ಕೊಟ್ಟಿದ್ದೇನೆ. ನೀನು ಕೂತು ಬಡಿಸು, ಕಥೆ ಹೇಳು, ಓಡುವುದು ನನಗಿರಲಿ. ಗ್ಯಾರೇಜಿನಲ್ಲಿ ನನ್ನ ಸ್ಪ್ಯಾನರುಗಳನ್ನು ಹುಡುಗರಿಗೆ ಹಂಚಿ ಬಂದಾಯಿತು, ಈಗ ನೀನು ವಾದ ಮಾಡಿ ಪ್ರಯೋಜನವಿಲ್ಲ.