ಕೇಳದೇ ಅಳಿಸುವ ಯಂತ್ರಗಳು

ಶುಕ್ರವಾರ, ಮಾರ್ಚ್ ೧೪

ನನ್ನ ಮುದ್ದಿನ ತಂಗಿಗೆ,

ಅಕ್ಕನ ತುಂಬುಮನಸ್ಸಿನ ಆಶೀರ್ವಾದ. ನಿನ್ನ ಎರಡು ಕಾಗದವೂ ಕೈಸೇರಿವೆ. ಉತ್ತರ ತಡವಾಯಿತು, ಕೋಪ ಮಾಡಿಕೋಬೇಡ ಅನ್ನುವ ಮುಖವೂ ನನಗಿಲ್ಲ. ಪೆನ್ನು ಹಿಡಿದಾಗಲೆಲ್ಲ ಏನೋ ಒಂದು ಕೆಲಸ ನೆನಪು ಮಾಡಿಕೊಂಡು ಎದ್ದುಬಿಡುತ್ತಿದ್ದೆ. ಮಂಡಿನೋವು ಹಾಗೇ ಇದೆ. ಲೈಬ್ರರಿಯ ನೆಲಮಾಳಿಗೆ ಮೆಟ್ಟಿಲು ದಿನಾ ನನ್ನನ್ನು ಬೈಯುತ್ತೆ, ನಾನೂ ಅದನ್ನು ಬೈದುಕೊಂಡೇ ಇಳಿಯುತ್ತೇನೆ.

ನೀನು ಕೇಳಿದ್ದು ಒಂದೇ ಮಾತು. ಮಗಳ ಲ್ಯಾಪ್‌ಟಾಪ್ ಕಳಿಸು, ಅದರಲ್ಲಿ ಅವಳ ದನಿಯಾದರೂ ಇರುತ್ತೆ ಅಂತ. ಲ್ಯಾಪ್‌ಟಾಪ್ ಕಳಿಸುತ್ತೇನೆ. ಆದರೆ ಅದರಲ್ಲಿ ಏನೂ ಇಲ್ಲ ಕಣೇ. ಹೇಗೆ ಇಲ್ಲವಾಯಿತು ಅನ್ನುವುದನ್ನು ನನ್ನ ಬಾಯಿಂದಲೇ ಕೇಳು.

ಜನ ಬೇಡವೆಂದು ಕೊಡುವ ಹಳೇ ಕಂಪ್ಯೂಟರುಗಳನ್ನು ಶಾಲೆಗಳಿಗೆ ಸಿದ್ಧಮಾಡುವುದು ಆ ನೆಲಮಾಳಿಗೆಯಲ್ಲಿ ನಮ್ಮ ಕೆಲಸ. ಒಳಗಿದ್ದುದನ್ನೆಲ್ಲ ಅಳಿಸಿ, ಯಾರು ಬೇಕಾದರೂ ಪುಕ್ಕಟೆ ಬಳಸಿ ತಿದ್ದಿಕೊಳ್ಳಬಹುದಾದ ಲಿನಕ್ಸ್ ಅನ್ನುವ ತಂತ್ರಾಂಶ ಹಾಕುತ್ತೇವೆ. ಮೊದಲೆಲ್ಲ ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ, ಯಾವ ಭಾಷೆ, ಯಾವ ಹೆಸರು ಅಂತ ಅದು ಕೇಳುವುದಕ್ಕೆಲ್ಲ ಉತ್ತರ ಕೊಡುತ್ತ ಕೂರುತ್ತಿದ್ದೆ. ನಿನ್ನ ಮಗಳು, ನಮ್ಮ ಪಿಟೀಲು, ಬಂದ ಮೇಲೆ ಅದು ತಪ್ಪಿತು. ಹುಟ್ಟಿದಾಗ ಅವಳ ಅಳು ಕೇಳಿ ನೀನೇ ಇಟ್ಟ ಹೆಸರು, ಇಲ್ಲೂ ಎಲ್ಲರ ಬಾಯಲ್ಲಿ ಅದೇ ನಿಂತಿತ್ತು. ಚಿಕಿತ್ಸೆಗೆಂದು ನನ್ನ ಮನೆಯಲ್ಲಿದ್ದವಳು, ಮೈಗೆ ತ್ರಾಣವಿದ್ದ ದಿನ ನನ್ನ ಜೊತೆಗೆ ಬರುತ್ತಿದ್ದಳು. ಮೂಲೆಯಲ್ಲೊಂದು ಸರ್ವರ್, ಅಂದರೆ ಉಳಿದವಕ್ಕೆಲ್ಲ ಹೇಳಿಕೊಡುವ ಕಂಪ್ಯೂಟರ್, ಇಟ್ಟಳು. ಉತ್ತರಗಳನ್ನೆಲ್ಲ ಇಬ್ಬರೂ ಕೂತು ಒಂದು ಫೈಲಿನಲ್ಲಿ ಮೊದಲೇ ಬರೆದಿಟ್ಟೆವು. ಕೇಬಲ್ ಸಿಕ್ಕಿಸಿ ಆನ್ ಮಾಡಿದರೆ ಸಾಲಿಗೆ ಸಾಲೇ ತಾನಾಗಿ ಸಿದ್ಧವಾಗುತ್ತಿತ್ತು.

ಒಂದು ಪ್ರಶ್ನೆ ಮಾತ್ರ ಉಳಿಸಿದ್ದೆವು: “ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?” ಅಲ್ಲಿ ನನ್ನ ಕೈ ನಿಂತುಬಿಡುತ್ತಿತ್ತು. ಯಾರ ಮದುವೆ ಫೋಟೋ ಇದೆಯೋ, ಯಾವ ಮಗು ಮೊದಲ ಹೆಜ್ಜೆ ಇಟ್ಟದ್ದೋ.

“ಒಂದೊಂದು ಡಬ್ಬಕ್ಕೂ ಶೋಕಾಚರಣೆ ಮಾಡ್ತಾ ಕೂತ್ರೆ ಶಾಲೆ ಮಕ್ಕಳಿಗೆ ಮೀಸೆ ಬಂದ್ಬಿಡುತ್ತೆ ದೊಡ್ಡಮ್ಮಾ,” ಅಂತ ರೇಗಿಸುತ್ತಿದ್ದಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಆ ಪ್ರಶ್ನೆಗೂ ಅದೇ ಫೈಲಿನಲ್ಲಿ ಉತ್ತರ ಬರೆದಳು. “ಇನ್ಮೇಲೆ ನಿಮ್ಮನ್ನ ಏನೂ ಕೇಳಲ್ಲ. ಕೇಬಲ್ ಹಾಕಿ, ಹೋಗಿ ಕಾಫಿ ಕುಡೀರಿ.” ಸುಸ್ತಾಗಿ ಗೋಡೆಗೊರಗಿ ನಗುತ್ತಿದ್ದಳು. ನಾನು ಭೇಷ್ ಅಂತ ಬೆನ್ನು ತಟ್ಟಿದೆ.

ಮುಂದಿನ ವಾರ ನಮ್ಮ ಜೊತೆ ಕೆಲಸ ಮಾಡುವ ರಿಪೇರಿಯವನು ಒಂದು ಗಾಡಿ ಲ್ಯಾಪ್‌ಟಾಪ್ ತಂದ. ಕೇಬಲ್ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದಾಗ ಎಲ್ಲ ಮುಗಿದಿತ್ತು. ಒಂದೊಂದೇ ಮುಚ್ಚುತ್ತ ಬಂದಾಗ ಒಂದರ ಬೆನ್ನ ಮೇಲೆ ದುಂಡನೆಯ ಅಂಟಿನ ಗುರುತು ಕಂಡಿತು. ನೀನು ಅಂಟಿಸಿ ಕೊಟ್ಟಿದ್ದ ನಗುವ ಸೂರ್ಯನ ಸ್ಟಿಕ್ಕರಿನ ಜಾಗ. ನನಗೆ ಗುರುತು ಸಿಗದಿರಲಿ ಅಂತ ಸೂರ್ಯನನ್ನು ಕಿತ್ತಿದ್ದಳು.

ರಿಪೇರಿಯವನನ್ನು ಕರೆದು ಕೇಳಿದೆ: “ಇದು ಪಿಟೀಲೂದಲ್ವೇನೋ?”

“ಹೌದಕ್ಕ. ವಾರ್ಡಿಗೆ ಕರೆಸಿ ಕೊಟ್ಲು. ಸಾಲಿನಲ್ಲಿಡು, ದೊಡ್ಡಮ್ಮಂಗೆ ಗೊತ್ತಿದೆ ಅಂದ್ಲು.”

“ಒಳಗಿದ್ದದ್ದು ವಾಪಸ್ ಬರುತ್ತೇನೋ?”

ಅವನು ತಲೆ ತಗ್ಗಿಸಿದ. “ಹಳೇದರ ಮೇಲೆಲ್ಲಾ ಸೊನ್ನೆ ತುಂಬೋ ಹಾಗೆ ಮಾಡಿದೀರಲ್ಲಕ್ಕ. ಚೂರೂ ಸಿಗಲ್ಲ.”

ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತು, ಏನು ಮಾಡಿಬಿಟ್ಟೆ ಮಗಳೇ ಅಂತ ಕೇಳಿದೆ. “ಅದರಲ್ಲಿದ್ದದ್ದೆಲ್ಲಾ ನೋವಲ್ಲಿ ಮಾತಾಡಿ ರೆಕಾರ್ಡ್ ಮಾಡಿಟ್ಟಿದ್ದು. ಅಮ್ಮನ್ನೂ ಬೈದಿದೀನಿ. ಅದನ್ನ ಕೇಳ್ತಾ ಕೂತ್ರೆ ಅವಳು ನನ್ನ ಮರೆತು ಅದನ್ನೇ ನೆನಪಿಟ್ಕೋತಾಳೆ,” ಅಂದಳು. ಆಮೇಲೆ, “ಕೇಳಿದ್ರೆ ನೀವು ಅಳಿಸ್ತಿದ್ರಾ?” ಅಂತ ಕೇಳಿದಳು. ಆ ಪ್ರಶ್ನೆಗೆ ನಿಂತುಬಿಡುವ ನನ್ನ ಕೈ ಅವಳಿಗೆ ಗೊತ್ತಿತ್ತು.

ಹಾಸಿಗೆ ಹಿಡಿದ ನಿನ್ನ ಅತ್ತೆಯನ್ನು ಯಾರಿಗೋ ಒಪ್ಪಿಸಿ ನೀನು ಓಡಿ ಬರುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು. ಆಗಲೂ, ಅವಳು ಹೋದ ಮೇಲೂ, ನಿನಗೆ ಇದನ್ನು ಹೇಳಲು ನನಗೆ ಧೈರ್ಯವಾಗಲಿಲ್ಲ. ನೋವಿಗೆ ಬೈಯಲು ಒಬ್ಬರು ಬೇಕಿತ್ತು, ಅಮ್ಮನಿಗಿಂತ ಹತ್ತಿರದವರು ಯಾರಿದ್ದರು ಹೇಳು. ನೀನು ಹಾಗೇ ತಿಳಿದುಕೋ.

ಎರಡು ತುತ್ತು ಗಂಟಲಲ್ಲಿ ಇಳಿಯಲಿ, ಒಂದಿಷ್ಟು ನಿದ್ದೆ ಕಣ್ಣಿಗೆ ಬರಲಿ. ಇದಕ್ಕಿಂತ ದೊಡ್ಡ ಹರಕೆ ಈಗ ನನ್ನ ಹತ್ತಿರ ಇಲ್ಲ.

ನಿನ್ನ
ಅಕ್ಕ

ತಾ.ಕ.: ನಿನ್ನ ಎರಡನೇ ಕಾಗದ ಓದಿದ ದಿನವೇ ಸರ್ವರ್ ಮುಂದೆ ಕೂತು ಆ ಪ್ರಶ್ನೆಯನ್ನು ಮತ್ತೆ ಬರುವ ಹಾಗೆ ಮಾಡಿದೆ. ಇನ್ನು ಯಾರದನ್ನೂ ಕೇಳದೆ ಅಳಿಸಬಾರದು ಅಂತ. ಅದಕ್ಕೆ ಅವಳು ಬರೆದಿದ್ದ ಉತ್ತರ ತೆಗೆಯಬೇಕಿತ್ತು. ತೆಗೆದೆ. “ಹೌದು” ಅಂತ ಒಂದೇ ಪದ. ಉಳಿದದ್ದೆಲ್ಲ ನಾವಿಬ್ಬರೂ ಸೇರಿ ಬರೆದದ್ದು, ಅದೊಂದು ಅವಳೊಬ್ಬಳದು. ನಿನಗೆ ಕಳಿಸಲು ಅವಳದು ಅಂತ ಉಳಿದಿದ್ದದ್ದು ಅದೊಂದೇ ಅನ್ನುವುದು ಆಮೇಲೆ ಹೊಳೆಯಿತು. ಅಳಿಸುವಾಗ ನನ್ನ ಕೈ ನಿಲ್ಲಲಿಲ್ಲ ಕಣೇ. ಅಲ್ಲಿ ಯಾರೂ ನನ್ನನ್ನು ಕೇಳಲಿಲ್ಲ.